ಹಾಸಿದ ಕಂಬಳಿ

ಬಾಗೂರು
20-11-1974

ಹೊಳಲ್ಕೆರೆಯಲ್ಲಿ ನರ್ಸಮ್ಮ ಆಗಿರುವ ನನ್ನ ಸೊಸೆ ಈರಕ್ಕನಿಗೆ, ನಿನ್ನ ಅತ್ತೆ ಉಚ್ಚಂಗಮ್ಮ ಹೇಳಿ ಬರೆಸುವುದು.

ನಾನು ನಿನಗೆ ಕಾಗದ ಬರೆಸುತ್ತಿರುವುದು ಇದೇ ಮೊದಲು. ಇಷ್ಟು ದಿನ ನನ್ನ ಮಗನೇ ನಮ್ಮಿಬ್ಬರ ನಡುವೆ ಮಾತು ಹೊತ್ತು ತಿರುಗುತ್ತಿದ್ದ. ಪಾಪಣ್ಣ ಮೊನ್ನೆ ಕುರಿ ಹೊಡೆದುಕೊಂಡು ಭರಮಸಾಗರದ ಕಡೆ ಹೋದ. ಯುಗಾದಿಯವರೆಗೆ ಬರುವುದಿಲ್ಲ. ಹೊರಡುವ ಮುಂಚೆ ನಿನಗೆ ನಾಲ್ಕು ತಿಂಗಳೆಂದು ಹೇಳಿದ. ಸಂತೋಷ. ಅದರ ಬಗ್ಗೆ ಹೆಚ್ಚು ಬರೆಸುವುದಿಲ್ಲ. ಹಿಂದೆ ಹೆಚ್ಚು ಮಾತಾಡಿದ್ದಕ್ಕೇ ಎರಡು ವರ್ಷದಿಂದ ನೀನು ಈ ಹೊಸಿಲು ತುಳಿದಿಲ್ಲ.

ಬರೆಸಿದ್ದು ನನ್ನ ಕೈಯ ವಿಷಯಕ್ಕೆ. ಹಗಲು ಹೇಗೋ ಕಳೆಯುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ಬೆರಳಿನ ಗಿಣ್ಣುಗಳು ಒಂದೊಂದೇ ಸಿಡಿಯಲು ಶುರುವಾಗುತ್ತವೆ. ಕೈಯನ್ನು ಹೊದಿಕೆಯೊಳಗೆ ಇಟ್ಟುಕೊಂಡರೆ ಕಂಬಳಿ ತಾಗಿ ನೋವು, ಹೊರಗಿಟ್ಟರೆ ಚಳಿಗೆ ನೋವು. ಈ ಮಗ್ಗುಲಿಗೆ ಮಲಗಿದರೆ ಹೆಗಲು, ಆ ಮಗ್ಗುಲಿಗೆ ಮಂಡಿ. ಎದ್ದು ಒಲೆಯ ಬಿಸಿಬೂದಿಯ ಹತ್ತಿರ ಕೈ ಹಿಡಿದುಕೊಂಡು ಕೂರುತ್ತೇನೆ. ಕೋಳಿ ಕೂಗುವಾಗ ಕಣ್ಣು ಹತ್ತುತ್ತದೆ, ಆಗ ಏಳುವ ಹೊತ್ತು. ಬೆಳಗ್ಗೆ ಬೆರಳು ಮಡಚಬೇಕಾದರೆ ಬಿಸಿಲು ಬಾಗಿಲಿಗೆ ಬರಬೇಕು. ರಾಟೆ ಮುಟ್ಟಿ ತಿಂಗಳಾಯಿತು. ಊರಿಗೆಲ್ಲ ಔಷಧಿ ಹೇಳುವವಳು ನೀನು, ಅತ್ತೆಗೂ ಒಂದು ಹೇಳು.

ಇಂತಿ,
ಉಚ್ಚಂಗಮ್ಮನ ಎಡಗೈ ಹೆಬ್ಬೆಟ್ಟು

ಬರೆದವನ ಮಾತು: ನಾನು ಪಂಚಾಕ್ಷರಪ್ಪ, ಪಿಂಚಣಿ ಮೇಷ್ಟ್ರು. ನಿಮ್ಮತ್ತೆ ಹೆಬ್ಬೆಟ್ಟು ಒತ್ತುವಾಗಲೂ ಹಲ್ಲು ಕಚ್ಚಿದರು. ಅದನ್ನು ಬರೆಯಬೇಡಿ ಎಂದರು, ಅದಕ್ಕೇ ಬರೆದೆ.


ಹೊಳಲ್ಕೆರೆ
29-11-1974

ಅತ್ತೆಗೆ ಈರಕ್ಕ ಕೈಮುಗಿದು ಬರೆಯುವುದು.

ನಿಮ್ಮ ಕಾಗದ ನೋಡಿ ಮೊದಲು ಹೆದರಿದೆ, ನೀವಾಗಿ ಬರೆಸಬೇಕಾದರೆ ಏನೋ ಆಗಿರಬೇಕು ಎಂದು. ಇದು ಕೀಲುವಾತ. ಒಂದು ದಿನದಲ್ಲಿ ಬಂದದ್ದಲ್ಲ, ಒಂದು ದಿನದಲ್ಲಿ ಹೋಗುವುದೂ ಇಲ್ಲ. ಮಲಗುವ ಮುಂಚೆ ಲಕ್ಕಿಸೊಪ್ಪು ಕುದಿಸಿದ ನೀರಿನಲ್ಲಿ ಕೈ ಅದ್ದಿ ಕುಳಿತುಕೊಳ್ಳಿ. ಮರಳು ಹುರಿದು ಬಟ್ಟೆಯಲ್ಲಿ ಕಟ್ಟಿ ಮಂಡಿಗೆ ಶಾಖ ಕೊಡಿ, ಆದರೆ ಸುಟ್ಟುಕೊಳ್ಳಬೇಡಿ. ಬೆರಳು ನೇರ ನಿಲ್ಲುವಂತೆ ಅಂಗೈಗೆ ಒಂದು ತೆಳು ಹಲಗೆ ಕೊಟ್ಟು ಹಳೆ ಸೀರೆಯ ಬಟ್ಟೆ ಸುತ್ತಿ ಮಲಗಿ. ಮಂಡಿ ಕೆಳಗೆ ದಿಂಬು ಇಡಬೇಡಿ, ಹಿತವೆನಿಸಿದರೂ ಕಾಲು ಹಾಗೇ ಸೆಟೆದುಕೊಳ್ಳುತ್ತದೆ. ನೋವಿನ ಗುಳಿಗೆ ಇದರೊಳಗೆ ಇಟ್ಟಿದ್ದೇನೆ. ಬರಿಹೊಟ್ಟೆಯಲ್ಲಿ ಬೇಡ.

ಒಮ್ಮೆ ಚಿತ್ರದುರ್ಗದ ಆಸ್ಪತ್ರೆಗೆ ಬಂದು ತೋರಿಸಿ. ನಾನೇ ಬಂದು ಕರೆದೊಯ್ಯಬಹುದಿತ್ತು. ಆದರೆ ಬಸ್ಸು ಹತ್ತಬೇಕಾಗುತ್ತದೆ. ಹೋದ ಸಲ ಏಳನೇ ತಿಂಗಳಲ್ಲಿ ಕೂಸು ಸತ್ತು ಹುಟ್ಟಿದಾಗ, ನಾನು ಇನ್ನೂ ಚಾಪೆ ಬಿಟ್ಟು ಏಳುವ ಮೊದಲೇ ನೀವು ಅಂದದ್ದು ನನಗೆ ಬಾಯಿಪಾಠ ಇದೆ: "ಕೆಲ್ಸ ಕೆಲ್ಸ ಅಂತ ಬಸ್ಸಲ್ಲಿ ಕುಲುಕಾಡಿ ಕುಲುಕಾಡಿ ಕೂಸನ್ನ ಕಳ್ಕಂಡ್ಲು." ಹಾಗಾಗಿ ಈ ಸಲ ನಾನು ಎಲ್ಲಿಗೂ ಬರುವುದಿಲ್ಲ.

ಇಂತಿ,
ಈರಕ್ಕ


ಬಾಗೂರು
6-1-1975

ಸೊಸೆ ಈರಕ್ಕನಿಗೆ.

ನಿನ್ನ ಸೊಪ್ಪಿನ ನೀರು, ಹಲಗೆ, ಗುಳಿಗೆ ಎಲ್ಲ ಮಾಡಿದೆ. ನೋವು ಸ್ವಲ್ಪ ತಗ್ಗಿದಂತೆ ಆಗುತ್ತಿತ್ತು, ನಡುರಾತ್ರಿ ಮತ್ತೆ ಅದೇ ಗೋಳು. ಈಗ ಅದರ ಚಿಂತೆ ಬಿಡು. ನಿನ್ನ ಕಾಗದ ಬಂದ ವಾರವೇ ಹೊಸದುರ್ಗದ ಸಂತೆಗೆ ಸೈಕಲ್ಲಿನಲ್ಲಿ ಬರುವ ಒಬ್ಬ ಪುಡಿ ಕೊಟ್ಟ. ಬೆಳಗ್ಗೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ, ಜೇನಿನಲ್ಲಿ. ಬೇರುಗಳ ಪುಡಿಯಂತೆ. ಮೂರನೇ ದಿನ ಬೆರಳು ಮಡಚಿತು. ನಂಬುತ್ತೀಯಾ? ಮುಷ್ಟಿ ಕಟ್ಟಿ ಬಿಚ್ಚಿ ಕಟ್ಟಿ ಬಿಚ್ಚಿ ಚಿಕ್ಕ ಹುಡುಗಿಯ ಹಾಗೆ ನೋಡುತ್ತ ಕುಳಿತಿದ್ದೆ. ರಾಟೆ ಇಳಿಸಿದ್ದೇನೆ. ಮುಖ ತುಂಬಿಕೊಂಡಿದೆ, ಹಸಿವು ಹೆಚ್ಚಿದೆ. ಊರಿನವರು ಸೊಸೆ ಔಷಧಿಯೇ ಅಂತ ಕೇಳುತ್ತಾರೆ. ಹೌದು ಅಂದುಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಪಾಪಣ್ಣ ಹೋಗುವಾಗ ಎಳೆಮರಿಗಳ ಮೊದಲ ಉಣ್ಣೆ ಕತ್ತರಿಸಿ ಕೊಟ್ಟು ಹೋಗಿದ್ದಾನೆ. ಅದನ್ನು ನೂಲುತ್ತಿದ್ದೇನೆ. ಯಾತಕ್ಕೆ ಎಂದು ಕೇಳಬೇಡ.

ಇಂತಿ,
ಉಚ್ಚಂಗಮ್ಮನ ಹೆಬ್ಬೆಟ್ಟು

ಬರೆದವನ ಮಾತು: ಹೆಬ್ಬೆಟ್ಟನ್ನು ಈ ಸಲ ಸಹಿ ಹಾಕುವವರ ಗತ್ತಿನಲ್ಲಿ ಒತ್ತಿದರು. ಒಂದು ವಿಷಯ ಮಾತ್ರ ಹೇಳಬೇಕು. ನೋವು ಹೋಗಿದೆ, ನಿದ್ದೆ ಬಂದಿಲ್ಲ. ನಾನು ಮುದುಕ, ರಾತ್ರಿ ಎರಡು ಸಲ ಎದ್ದು ಹೊರಗೆ ಹೋಗುತ್ತೇನೆ. ಎರಡು ಸಲವೂ ನಿಮ್ಮತ್ತೆಯ ರಾಟೆಯ ಸದ್ದು ಕೇಳುತ್ತದೆ. ನೀರಂತೂ ಕೊಡಗಟ್ಟಲೆ ಕುಡಿಯುತ್ತಾರೆ.


ಹೊಳಲ್ಕೆರೆ
14-1-1975

ಅತ್ತೆಗೆ.

ಮೂರೇ ದಿನಕ್ಕೆ ಕೀಲುವಾತ ವಾಸಿ ಮಾಡುವ ಬೇರು ಯಾವ ಕಾಡಿನಲ್ಲೂ ಇಲ್ಲ. ಆ ಪುಡಿಯಲ್ಲಿ ಬೇರೆ ಏನೋ ಬೆರೆಸಿದ್ದಾನೆ. ನೀವು ತುಂಬಿಕೊಂಡಿದೆ ಎಂದು ಹಿಗ್ಗುತ್ತಿರುವ ಮುಖ ತುಂಬಿಕೊಂಡದ್ದಲ್ಲ, ಊದಿದ್ದು. ಇಂಥ ಮುಖ ನಾನು ಆಸ್ಪತ್ರೆಯಲ್ಲಿ ನೋಡಿದ್ದೇನೆ. ಒಂದು ಪೊಟ್ಟಣ ನನಗೆ ಕಳಿಸಿ. ಅಲ್ಲಿಯವರೆಗೆ ಅದನ್ನು ತಿನ್ನಬೇಡಿ. ದಮ್ಮಯ್ಯ ಎಂದು ಬರೆಯುತ್ತಿದ್ದೇನೆ, ನನಗೆ ಅಷ್ಟು ಸುಲಭಕ್ಕೆ ಆ ಮಾತು ಬರುವುದಿಲ್ಲ ಎಂದು ನಿಮಗೆ ಗೊತ್ತು.

ಇಂತಿ,
ಈರಕ್ಕ


ಬಾಗೂರು
29-1-1975

ನರ್ಸಮ್ಮನವರಿಗೆ.

ಈ ಸಲ ಸೊಸೆ ಎಂದು ಬರೆಸುವುದಿಲ್ಲ. ನೀನು ಕೊಟ್ಟ ಗುಳಿಗೆಯಲ್ಲಿ ಆಗದ್ದು ಸಂತೆಯವನ ಪುಡಿಯಲ್ಲಿ ಆಯಿತು ಎಂಬುದನ್ನು ನಿನಗೆ ಸಹಿಸಲಾಗುತ್ತಿಲ್ಲ. ಊದಿದೆಯಂತೆ! ಊದಲಿ. ನೀನು ಒಂದೇ ಒಂದು ರಾತ್ರಿ ಈ ಕೈ ಇಟ್ಟುಕೊಂಡು ಮಲಗು. ಆಮೇಲೆ ಬೇಡ ಅನ್ನು. ಊರೆಲ್ಲ ಗೊರಕೆ ಹೊಡೆಯುವಾಗ ಗೋಡೆ ನೋಡುತ್ತ ಕುಳಿತು, ಅಳುವ ಸದ್ದು ಪಕ್ಕದ ಮನೆಗೆ ಕೇಳಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡವಳು ನಾನು. ಆ ರಾತ್ರಿಗಳಿಗೆ ನಾನು ವಾಪಸು ಹೋಗುವುದಿಲ್ಲ. ಪೊಟ್ಟಣ ಕಳಿಸುವುದಿಲ್ಲ.

ಉಚ್ಚಂಗಮ್ಮನ ಹೆಬ್ಬೆಟ್ಟು

ಬರೆದವನ ಮಾತು: ಪೊಟ್ಟಣ ಈ ಲಕೋಟೆಯೊಳಗೇ ಇದೆ. ನಿಮ್ಮತ್ತೆಗೆ ಗೊತ್ತಿಲ್ಲ. ನನ್ನಲ್ಲಿಗೆ ಹೇಗೆ ಬಂತು ಎಂದರೆ, ನನಗೂ ಒಂದು ಮಂಡಿ ಇದೆ ತಾಯಿ. ಸಂತೆಯಲ್ಲಿ ನಾಲ್ಕು ಪೊಟ್ಟಣ ತಂದಿಟ್ಟಿದ್ದೆ. ನಿಮ್ಮ ಕಾಗದ ಓದಿ ಹೇಳಿದ ದಿನದಿಂದ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೇನೆ. ಅವರ ತೋಳಿನಲ್ಲಿ ಅಲ್ಲಲ್ಲಿ ನೀಲಿಗಟ್ಟಿದೆ. ಎಲ್ಲಿ ತಗುಲಿತೋ ಅವರಿಗೇ ಗೊತ್ತಿಲ್ಲ.


ಹೊಳಲ್ಕೆರೆ
4-2-1975

ಅತ್ತೆಗೆ.

ಮೇಷ್ಟ್ರು ಇದನ್ನು ಒಂದಕ್ಷರ ಬಿಡದೆ ಓದಬೇಕು.

ನಿಮಗೆ ಬುದ್ಧಿ ಹೇಳಿ ನನಗೆ ಸಾಕಾಯಿತು. ನಿಮ್ಮ ರಾತ್ರಿಗಳ ಬಗ್ಗೆ ಬರೆದಿದ್ದೀರಿ. ನನಗೂ ರಾತ್ರಿಗಳಿವೆ. ಇದು ಏಳನೇ ತಿಂಗಳು. ಒಳಗೆ ಅಲುಗಾಡಿದರೆ ಭಯ, ಅಲುಗಾಡದಿದ್ದರೆ ಇನ್ನೂ ಭಯ. ಆ ಹೊತ್ತಿನಲ್ಲಿ ನೀವು ಅಲ್ಲಿ ವಿಷ ತಿನ್ನುತ್ತಿದ್ದೀರಿ ಎಂಬ ಯೋಚನೆ ಬೇರೆ. ಈ ಕೂಸಿಗೆ ಅಜ್ಜಿ ಬೇಕು. ನೀವು ಹೇಗೇ ಇರಿ, ಬೇಕು.

ಆದ್ದರಿಂದ ಬರುವ ಸೋಮವಾರ ಮನೆದೇವರು ಬೀರಪ್ಪನ ಹೆಸರಿನಲ್ಲಿ ಕಂಬಳಿ ಹಾಸಿ ಆಣೆ ಮಾಡಿ. ಆ ಪುಡಿಯನ್ನು ಇನ್ನು ಮುಟ್ಟುವುದಿಲ್ಲ ಎಂದು. ನಿಮ್ಮ ಮೇಲೆ ಆಣೆ ಇಟ್ಟುಕೊಂಡರೆ ನೀವು ಮುರಿಯುತ್ತೀರಿ, ನಿಮ್ಮ ಜೀವದ ಮೇಲೆ ನಿಮಗೆ ಅಷ್ಟೇನೂ ಆಸೆ ಇಲ್ಲ. ನನ್ನ ಹೊಟ್ಟೆಯಲ್ಲಿರುವ ಕೂಸಿನ ಮೇಲೆ ಆಣೆ ಮಾಡಿ. ಮಾಡಿದೆ ಎಂದು ಮೇಷ್ಟ್ರ ಕೈಯಲ್ಲಿ ಒಂದು ಕಾರ್ಡು ಹಾಕಿಸಿ. ಇಲ್ಲವಾದರೆ ನನಗೆ ಅತ್ತೆ ಇಲ್ಲ ಎಂದುಕೊಳ್ಳುತ್ತೇನೆ.

ಈರಕ್ಕ


ಬಾಗೂರು
13-2-1975

ಈರಕ್ಕನಿಗೆ.

ಸೋಮವಾರ ಕಂಬಳಿ ಹಾಸಿದೆ. ನೀನು ಹೇಳಿದ ಹಾಗೆಯೇ ಆಣೆ ಮಾಡಿದೆ. ಇದ್ದ ಪುಡಿಯನ್ನೆಲ್ಲ ಕೆರೆಗೆ ಸುರಿಸಿದೆ. ನೋವು ಆವತ್ತಿನ ರಾತ್ರಿಯೇ ಬಂತು, ನನ್ನ ದಾರಿ ಕಾಯುತ್ತಿತ್ತೇನೋ. ನಿನ್ನ ಮನಸ್ಸಿಗೆ ಸಮಾಧಾನ ಆಯಿತೆ?

ಹೆಬ್ಬೆಟ್ಟು


ಹೊಳಲ್ಕೆರೆ
20-2-1975

ಪಂಚಾಕ್ಷರಪ್ಪ ಮೇಷ್ಟ್ರಿಗೆ.

ಇದನ್ನು ಅತ್ತೆಗೆ ಓದುವ ಮುಂಚೆ ನೀವು ಒಬ್ಬರೇ ಓದಿಕೊಳ್ಳಿ. ಇದಕ್ಕೆ ಮೊದಲೇ ನನ್ನ ತಂತಿ ಬಂದಿರಬೇಕು.

ಚಿತ್ರದುರ್ಗದಿಂದ ದೊಡ್ಡ ಡಾಕ್ಟರು ಇವತ್ತು ಇಲ್ಲಿಗೆ ಬಂದಿದ್ದರು. ಪೊಟ್ಟಣ ತೋರಿಸಿದೆ, ಮುಖ ಊದಿದ್ದು, ನೀಲಿಗಟ್ಟಿದ್ದು, ನಿದ್ದೆ ಇಲ್ಲದ್ದು ಎಲ್ಲ ಹೇಳಿದೆ. ಸ್ಟೀರಾಯ್ಡ್ ಎನ್ನುವ ಮದ್ದನ್ನು ಪುಡಿಯಲ್ಲಿ ಬೆರೆಸಿರಬೇಕು ಎಂದರು. ನಾನು ಜಂಬದಿಂದ, ಆಣೆ ಹಾಕಿಸಿ ಒಂದೇ ದಿನಕ್ಕೆ ಬಿಡಿಸಿದ್ದೇನೆ ಸಾರ್ ಎಂದೆ. ಅವರು ಪೆನ್ನು ಕೆಳಗಿಟ್ಟರು. ನಮ್ಮ ಮೈಯಲ್ಲೇ ಅಂಥದೊಂದು ರಸ ಊರುತ್ತದಂತೆ. ಹೊರಗಿನಿಂದ ದಿನಾ ಹಾಕುತ್ತಾ ಹೋದರೆ ಮೈ ತನ್ನ ಕೆಲಸ ನಿಲ್ಲಿಸಿಬಿಡುತ್ತದಂತೆ. ಥಟ್ಟನೆ ಬಿಟ್ಟರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ವಾಂತಿ, ತಲೆಸುತ್ತು, ನಿಶ್ಶಕ್ತಿ, ಆಮೇಲೆ ಜೀವಕ್ಕೇ ಬರುತ್ತದೆ. ತಿಂಗಳುಗಟ್ಟಲೆ ಹಿಡಿದು ಸ್ವಲ್ಪ ಸ್ವಲ್ಪವೇ ಇಳಿಸಬೇಕಿತ್ತು.

ನಾನು ಓದಿದ್ದು ಅರ್ಧ, ಮಾತಾಡಿದ್ದು ಪೂರ್ತಿ. ನಿಮ್ಮ ಟ್ರಂಕಿನಲ್ಲಿರುವ ಮೂರು ಪೊಟ್ಟಣ ತೆಗೆಯಿರಿ. ಮೊದಲಿನ ಹಾಗೆ ಎರಡು ಹೊತ್ತು ಕೊಡಿ. ಆಮೇಲೆ ಆಸ್ಪತ್ರೆಗೆ ಸೇರಿಸೋಣ. ಅತ್ತೆ ಹೇಗಿದ್ದಾರೆ, ಇದ್ದದ್ದು ಇದ್ದ ಹಾಗೆ ಬರೆಯಿರಿ.

ಈರಕ್ಕ


ಬಾಗೂರು
22-2-1975

ಈರಕ್ಕನವರಿಗೆ ಪಂಚಾಕ್ಷರಪ್ಪ ಬರೆಯುವುದು.

ತಂತಿ ನಿನ್ನೆ ಬಂತು, ಕಾಗದ ಇವತ್ತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಗಟ್ಟಿ ಮನಸ್ಸು ಮಾಡಿಕೊಂಡು ಓದಿ. ಐದು ದಿನದಿಂದ ಏನೂ ಒಳಗೆ ನಿಲ್ಲುತ್ತಿಲ್ಲ. ಎದ್ದು ನಿಂತರೆ ಕಣ್ಣು ಕತ್ತಲೆ. ನಿನ್ನೆ ಬಚ್ಚಲಿಗೆ ಹೋಗುವಾಗ ಬಿದ್ದರು. ನೋವಿನ ಬಗ್ಗೆ ಈಗ ಮಾತೇ ಆಡುವುದಿಲ್ಲ, ಅದೇ ನನಗೆ ಹೆಚ್ಚು ಭಯ.

ಪೊಟ್ಟಣ ತೆಗೆದುಕೊಂಡು ಓಡಿದೆ. ನಿಮ್ಮ ತಂತಿ ಓದಿದೆ, ಕಾಗದವನ್ನೂ ಓದಿದೆ. ಎಲ್ಲ ಕೇಳಿಸಿಕೊಂಡರು. ಆಮೇಲೆ ಮೂಲೆಯ ಕಡೆ ಕೈ ತೋರಿಸಿದರು. ಸೋಮವಾರ ಹಾಸಿದ ಕರಿಕಂಬಳಿ ಹಾಸಿದಂತೆಯೇ ಇದೆ. ನಿಮ್ಮ ಮನೆತನದ ಕಟ್ಟು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆಣೆಗೆ ಹಾಸಿದ ಕಂಬಳಿಯನ್ನು ಆಣೆ ಕೇಳಿದವರೇ ಬಂದು, ತಮ್ಮ ಕೈಯಾರೆ ಮಡಿಸಬೇಕು. ಅಲ್ಲಿಯವರೆಗೆ ಆಣೆ ಬಿಡುವುದಿಲ್ಲ. ತಂತಿಯಲ್ಲಿ ಮಡಿಸಲು ಬರುವುದಿಲ್ಲ. ಕಾಗದದಲ್ಲಿ ಆಣೆ ಕೇಳುವಾಗ ಮಡಿಸುವವರು ಯಾರು ಎಂದು ನೀವು ಯೋಚಿಸಲಿಲ್ಲ. ಓದಿ ಹೇಳಿದ ನಾನೂ ಯೋಚಿಸಲಿಲ್ಲ.

ನಾನು ಇಂಥದ್ದನ್ನೆಲ್ಲ ಅಷ್ಟಾಗಿ ನಂಬುವವನಲ್ಲ. ಮಜ್ಜಿಗೆಯಲ್ಲಿ ಕದಡಿ ಕೊಟ್ಟುಬಿಡೋಣ ಎಂದು ಹೋದೆ. ಲೋಟ ಬಾಯಿಯ ಹತ್ತಿರ ಒಯ್ದವರು ಕೆಳಗಿಟ್ಟರು. "ಮೇಷ್ಟ್ರೇ, ಈ ಕೂಸೂ ಹೋದ್ರೆ ನೀವು ತಂದ್ಕೊಡ್ತೀರಾ?" ಎಂದು ಕೇಳಿದರು. ಆಸ್ಪತ್ರೆಗೆ ಹೋಗೋಣ ಎಂದರೆ, ಅಲ್ಲೂ ಅದೇ ಮದ್ದು ಚುಚ್ಚುತ್ತಾರಂತಲ್ಲ, ಬೇಡ ಎನ್ನುತ್ತಾರೆ.

ನೀವು ಬಂದು ಮಡಿಸಬೇಕು ಎಂದು ನಾನು ಬರೆಯುವಂತಿಲ್ಲ. ಅದನ್ನೂ ತಡೆದಿದ್ದಾರೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಇಳಿಸಿದ್ದೇನೆ: "ಏಳು ತಿಂಗ್ಳ ಬಸುರಿ ಬಸ್ಸು ಹತ್ತಬಾರ್ದು ಅಂತ ಬರೀರಿ. ನಾನು ಇದ್ರೂ ಒಂದೇ, ಹೋದ್ರೂ ಒಂದೇ. ಅವಳು ಅಲ್ಲೇ ಇರ್ಲಿ."

ನಿಮ್ಮ ವಿಶ್ವಾಸದ,
ಪಂಚಾಕ್ಷರಪ್ಪ


ಹೊಳಲ್ಕೆರೆ
24-2-1975

ಮೇಷ್ಟ್ರಿಗೆ.

ಗುರುವಾರ ಮೊದಲ ಬಸ್ಸಿಗೆ ಹೊರಡುತ್ತೇನೆ. ಹೊಸದುರ್ಗದಲ್ಲಿ ಇಳಿದು ಬಾಗೂರಿನ ಬಸ್ಸು ಹಿಡಿಯುತ್ತೇನೆ. ಮೂರು ದಿನದಿಂದ ಹೊಟ್ಟೆ ಬಿಗಿಯುತ್ತಿದೆ, ಡಾಕ್ಟರು ಬುಧವಾರದವರೆಗೆ ಮಲಗಿಯೇ ಇರಬೇಕೆಂದು ಹೇಳಿದ್ದಾರೆ. ಅತ್ತೆಗೆಂದು ಅವರು ಕೊಟ್ಟ ಗುಳಿಗೆ ನನ್ನ ಚೀಲದಲ್ಲಿದೆ. ಆಸ್ಪತ್ರೆಯ ಜೀಪು ಹಳ್ಳಿಗಳ ಸುತ್ತಿಗೆ ಹೋಗಿದೆ, ಕಾಯಲು ಹೊತ್ತಿಲ್ಲ. ಅತ್ತೆಗೆ ಹೇಳಬೇಡಿ, ತಡೆಯುತ್ತಾರೆ. ಹೋದ ಸಲ ಕೂಸು ಬಸ್ಸಿನಿಂದ ಹೋಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಡಾಕ್ಟರು ಅಲ್ಲ ಎನ್ನುತ್ತಾರೆ. ಹಗಲು ನಂಬುತ್ತೇನೆ, ರಾತ್ರಿ ನಂಬಿಕೆ ನಿಲ್ಲುವುದಿಲ್ಲ.

ಈರಕ್ಕ


ಚಿತ್ರದುರ್ಗ, ಆಸ್ಪತ್ರೆಯ ಜಗಲಿ
28-2-1975

ಭರಮಸಾಗರದ ಕಡೆ ಕುರಿಮಂದೆಯಲ್ಲಿರುವ ಪಾಪಣ್ಣನಿಗೆ, ನಿನ್ನ ಹಳೇ ಮೇಷ್ಟ್ರು ಬರೆಯುವುದು.

ಇದನ್ನು ನಿನಗೆ ಓದಿ ಹೇಳುವವರು ನಿಧಾನವಾಗಿ ಓದಲಿ. ಮೊದಲು ಒಂದು ಮಾತು: ಈ ಹೊತ್ತಿಗೆ ಎಲ್ಲರೂ ಇದ್ದಾರೆ. ನಿನ್ನ ತಾಯಿ ಹೆಂಗಸರ ವಾರ್ಡಿನಲ್ಲಿ, ನಿನ್ನ ಹೆಂಡತಿ ಹೆರಿಗೆ ವಾರ್ಡಿನಲ್ಲಿ. ನಾನು ನಡುವಿನ ಜಗಲಿಯಲ್ಲಿ ಕುಳಿತು ಇಬ್ಬರಿಗೂ ಸುಳ್ಳು ಹೇಳುತ್ತಿದ್ದೇನೆ, ಇನ್ನೊಬ್ಬರು ಚೆನ್ನಾಗಿದ್ದಾರೆ ಎಂದು.

ಪುಡಿ, ಆಣೆ ಎಲ್ಲ ನಿನಗೆ ಆಮೇಲೆ ಹೇಳುತ್ತೇನೆ. ಬೈಯುವುದಿದ್ದರೆ ಆಗ ಬೈ. ಈರಕ್ಕ ಬರುತ್ತೇನೆಂದು ಬರೆದ ಕಾರ್ಡು ಬುಧವಾರ ಸಂಜೆ ಬಂತು. ಹೇಳಬೇಡಿ ಎಂದು ಬರೆದಿದ್ದಳು. ನಾನು ಹೇಳಿಬಿಟ್ಟೆ. ಅಷ್ಟು ದಿನ ನೆಲ ಹಿಡಿದಿದ್ದ ನಿನ್ನ ತಾಯಿ ಮೊಳಕೈ ಊರಿ ಎದ್ದರು. "ಅವಳು ಬಸ್ಸು ಹತ್ತೋಕೆ ಮುಂಚೆ ನನ್ನ ಹತ್ತಿಸ್ರಿ. ನಾನೇ ಹೊಳಲ್ಕೆರೆಗೆ ಹೋಗ್ತೀನಿ. ಕಂಬ್ಳಿನೂ ಬರ್ಲಿ" ಎಂದರು.

ಕಂಬಳಿ ಬರುವುದು ಹೇಗೆ? ಮಡಿಸುವಂತಿಲ್ಲ, ಸುತ್ತುವಂತಿಲ್ಲ, ತುಳಿಯುವಂತಿಲ್ಲ. ಬೆಳಗಿನ ಬಸ್ಸಿಗೆ ಕಂಬಳಿ ನೇಯುವ ಗುಡ್ಡಪ್ಪ ನಿನ್ನ ತಾಯಿಯನ್ನು ಬೆನ್ನ ಮೇಲೆ ಹೊತ್ತು ಹತ್ತಿಸಿದ. ಆಮೇಲೆ ಅವನು, ನಾನು, ನಿಮ್ಮ ಓಣಿಯ ಇಬ್ಬರು ಹೆಂಗಸರು ಕಂಬಳಿಯ ನಾಲ್ಕು ಮೂಲೆ ಹಿಡಿದು, ಕೂತವರ ತಲೆಯ ಮೇಲೆ ಹಾಸಿದಂತೆಯೇ ಹಿಡಿದುಕೊಂಡು ನಿಂತೆವು. ಕಂಡಕ್ಟರು ಕೂಗಾಡಿದ, ಮಡಿಸ್ರಿ ಅದನ್ನ ಎಂದು. ಗುಡ್ಡಪ್ಪ ವಿಷಯ ಹೇಳಿದ. ಆಮೇಲೆ ಹೊಸದುರ್ಗದವರೆಗೂ ಕಂಡಕ್ಟರು ಬಗ್ಗಿ ಬಗ್ಗಿ ಕಂಬಳಿಯ ಕೆಳಗೇ ಟಿಕೆಟ್ಟು ಹರಿದ. ನನ್ನ ಮಂಡಿಯ ಗತಿ ಕೇಳಬೇಡ. ಕಂಬಳಿಯ ಕೆಳಗೆ ನಿನ್ನ ತಾಯಿ ಕಣ್ಣು ಮುಚ್ಚಿದ್ದರು. ನಾನು ಪ್ರತಿ ತಿರುವಿನಲ್ಲೂ ಅವರ ಸೆರಗು ಏರಿಳಿಯುತ್ತದೆಯೇ ಎಂದು ನೋಡುತ್ತಿದ್ದೆ.

ಅವಳ ಬಸ್ಸು ತಡವಾದರೆ ಅವಳು ಹೊರಡುವ ಮುಂಚೆಯೇ ಹೊಳಲ್ಕೆರೆ ಮುಟ್ಟಬಹುದು ಎಂಬ ಆಸೆ ನಮ್ಮದು. ಆದರೆ ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸು ನಿಂತಾಗ ನಿನ್ನ ಹೆಂಡತಿ ಅಲ್ಲೇ ಇದ್ದಳು. ಕಲ್ಲುಬೆಂಚಿನ ಮೇಲೆ ಎರಡೂ ಕೈ ಹಿಂದಕ್ಕೆ ಊರಿ, ಬಾಗೂರಿನ ಬಸ್ಸಿಗೆ ಕಾಯುತ್ತ. ಮುಖ ಬಿಳಿಚಿತ್ತು. ಮೊದಲು ಅವಳಿಗೆ ಕಂಡದ್ದು ಕಂಬಳಿ.

ಬೆಂಚಿನ ಮುಂದೆ ಕಂಬಳಿ ಇಳಿಸಿದೆವು. ಅದರ ಆ ಬದಿಗೆ ನಿನ್ನ ತಾಯಿಯನ್ನು ಕೂರಿಸಿ ಗುಡ್ಡಪ್ಪ ಬೆನ್ನು ಕೊಟ್ಟ. ಜನ ಸೇರಿದರು. ಎರಡು ವರ್ಷದ ಮೇಲೆ ಅತ್ತೆ ಸೊಸೆ ಮುಖ ನೋಡಿಕೊಂಡದ್ದು. ಒಬ್ಬಳ ಮುಖ ಊದಿದೆ, ಇನ್ನೊಬ್ಬಳ ಹೊಟ್ಟೆ.

"ಬಸ್ಸಲ್ಲಿ ಬಂದ್ಯಾ?" ಎಂದರು ನಿನ್ನ ತಾಯಿ.

"ಬಂದೆ."

"ಕೂಸು?"

ಈರಕ್ಕ ಬೆಂಚಿನಿಂದ ಇಳಿದು, ಕಂಬಳಿಯ ಅಂಚಿನಲ್ಲೇ ಸರಿದು ಬಂದು, ಆ ಸೊಟ್ಟಗಾದ ಕೈಯನ್ನು ತೆಗೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಬಹಳ ಹೊತ್ತಾಯಿತು ಪಾಪಣ್ಣ. ನನಗಂತೂ ಬಹಳ ಹೊತ್ತು ಎನಿಸಿತು. ಆಮೇಲೆ ನಿನ್ನ ತಾಯಿಯ ಕೈ ಒಮ್ಮೆ ಬೆಚ್ಚಿತು. ಇನ್ನೊಮ್ಮೆ.

"ಒದೀತೈತೆ. ಮಡಿಸವ್ವ" ಎಂದರು.

"ನಾನು ಕೇಳಿದ ಆಣೆಯನ್ನ ನಾನೇ ಎತ್ತಿದೆ" ಎಂದು ಈರಕ್ಕ ಮೂರು ಸಲ ಹೇಳಿ ಕಂಬಳಿ ಮಡಿಸಿದಳು. ಬಗ್ಗಲಾಗದೆ ಮೊಳಕಾಲ ಮೇಲೆ ನಿಂತು, ಒಂದೊಂದೇ ಮಡಿಕೆ. ಯಾರೂ ಕೈ ಹಚ್ಚುವಂತಿರಲಿಲ್ಲ. ಕೊನೆಯ ಮಡಿಕೆ ಆದ ತಕ್ಷಣ ಗುಳಿಗೆ ಬಿಚ್ಚಿ ನಿನ್ನ ತಾಯಿಯ ಬಾಯಿಗೆ ಹಾಕಿದಳು, ಕಂಡಕ್ಟರು ಓಡಿ ನೀರು ತಂದ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಚಿತ್ರದುರ್ಗದ ಬಸ್ಸಿನಲ್ಲಿ ಇಬ್ಬರನ್ನೂ ಹತ್ತಿಸಿದೆವು. ಹೊಳಲ್ಕೆರೆ ದಾಟುವಾಗ ಈರಕ್ಕನಿಗೆ ನೋವು ಕಾಣಿಸಿಕೊಂಡಿತು. ನೋವು ನಿಲ್ಲಲು ಇಂಜೆಕ್ಷನ್ ಕೊಟ್ಟಿದ್ದಾರೆ, ಮಂಚದ ಕಾಲಿನ ಕಡೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿ ಮಲಗಿಸಿದ್ದಾರೆ. ಈ ರಾತ್ರಿ ಕಳೆಯಲಿ ಎನ್ನುತ್ತಾರೆ. ನಿನ್ನ ತಾಯಿಗೆ ಬಾಟಲಿ ಏರಿಸಿದ್ದಾರೆ. ಕಣ್ಣು ಬಿಟ್ಟಾಗಲೆಲ್ಲ ಒಂದೇ ಪ್ರಶ್ನೆ, ಸೊಸೆಗೆ ನೋವು ಬಂತೇ ಎಂದು. ಇಲ್ಲ ಎನ್ನುತ್ತೇನೆ. ಗೋಡೆಯ ಕಡೆ ತಿರುಗಿಕೊಳ್ಳುತ್ತಾರೆ. ನಂಬಿಲ್ಲ.

ಕುರಿಯನ್ನು ಯಾರಿಗಾದರೂ ಒಪ್ಪಿಸಿ ಹೊರಟು ಬಾ. ನನಗೆ ಒಬ್ಬನಿಗೇ ಆಗುತ್ತಿಲ್ಲ.

ಪಂಚಾಕ್ಷರಪ್ಪ


ಹೊಳಲ್ಕೆರೆ
8-5-1975

ಪಂಚಾಕ್ಷರಪ್ಪ ಮೇಷ್ಟ್ರಿಗೆ ಉಚ್ಚಂಗಮ್ಮ ಹೇಳಿ ಬರೆಸುವುದು. ಅಕ್ಷರ ಸೊಸೆಯದು.

ನಾನು ಇಲ್ಲಿಯ ಮನೆಗೆ ಬಂದು ಒಂದು ತಿಂಗಳಾಯಿತು. ಕೂಸು ಹುಟ್ಟಿದ ಸುದ್ದಿಯನ್ನು ಪಾಪಣ್ಣ ಊರಿಗೆ ಬಂದು ಹೇಳಿದನಂತೆ. ಹೆಣ್ಣುಕೂಸು. ಒಂಬತ್ತು ತಿಂಗಳಿಗೆ ನಾಲ್ಕೇ ದಿನ ಕಡಿಮೆ ಇತ್ತು. ಆಸ್ಪತ್ರೆಯ ಆ ಒಂದು ತಿಂಗಳು ಅವಳು ಇಟ್ಟಿಗೆ ಕೊಟ್ಟ ಮಂಚದಿಂದ ಇಳಿಯಲಿಲ್ಲ. ನಾನು ವಾರ್ಡಿನಿಂದ ವಾರ್ಡಿಗೆ ಗೋಡೆ ಹಿಡಿದುಕೊಂಡು ಹೋಗಿ ಹತ್ತಿರ ಕುಳಿತಿರುತ್ತಿದ್ದೆ.

ನನ್ನ ಗುಳಿಗೆ ಈಗ ಅರ್ಧಕ್ಕೆ ಇಳಿದಿದೆ. ಇನ್ನೂ ಇಳಿಸುತ್ತಾರಂತೆ. ಮುಖ ಬತ್ತಿ ನನ್ನ ಮುಖ ನನಗೆ ವಾಪಸು ಬಂದಿದೆ. ನೋವೂ ವಾಪಸು ಬಂದಿದೆ ಮೇಷ್ಟ್ರೇ, ಸುಳ್ಳು ಯಾಕೆ. ಬೇರೆ ಗುಳಿಗೆ ಕೊಟ್ಟಿದ್ದಾರೆ, ಸೊಪ್ಪಿನ ನೀರು, ಹಲಗೆ ಎಲ್ಲ ನಡೆದಿದೆ. ರಾತ್ರಿ ಎರಡು ಗಂಟೆ ನಿದ್ದೆ, ಆಮೇಲೆ ಎಚ್ಚರ. ಮೊದಲು ಗೋಡೆ ನೋಡುತ್ತಿದ್ದೆ. ಈಗ ತೊಟ್ಟಿಲು ಇದೆ. ಕೈಯಲ್ಲಿ ಆಗುವುದಿಲ್ಲ, ಹಗ್ಗವನ್ನು ಕಾಲಿಗೆ ಸಿಕ್ಕಿಸಿಕೊಂಡು ತೂಗುತ್ತೇನೆ. ಸೊಸೆ ಎದ್ದರೆ ಮಲಗಿಸುತ್ತೇನೆ, ನನಗೆ ಹೇಗೂ ನಿದ್ದೆ ಇಲ್ಲ, ಇಬ್ಬರು ಯಾಕೆ ಕೆಡಬೇಕು.

ಎಳೆಯುಣ್ಣೆಯ ಕಂಬಳಿಯನ್ನು ಗುಡ್ಡಪ್ಪ ನೇಯ್ದು ಕಳಿಸಿದ್ದ. ನಾನು ನೂತ ನೂಲು ಸಾಲದೆ ಗಿಡ್ಡವಾಗಿದೆ. ಕೂಸಿನ ಕಾಲು ಹೊರಗೇ ಇರುತ್ತದೆ, ಇರಲಿ.

ಇಂತಿ,
ಉಚ್ಚಂಗಮ್ಮನ ಹೆಬ್ಬೆಟ್ಟು

ಬರೆದವಳ ಮಾತು: ಮೇಷ್ಟ್ರೇ, ನಿಮ್ಮಿಂದಲೇ ಕಲಿತದ್ದು, ಕೆಳಗೆ ನನ್ನದೂ ನಾಲ್ಕು ಸಾಲು. ಅತ್ತೆ ಅವತ್ತು ಬಸ್ಸಿನ ಬಗ್ಗೆ ಅಂದ ಮಾತನ್ನು ವಾಪಸು ತೆಗೆದುಕೊಂಡಿಲ್ಲ. ನಾನೂ ಕೇಳಿಲ್ಲ. ರಾತ್ರಿ ಎಚ್ಚರವಾದಾಗಲೆಲ್ಲ ತೊಟ್ಟಿಲು ಕಿರುಗುಟ್ಟುವುದು ಕೇಳುತ್ತದೆ. ಅವರ ನೋವು ಎಷ್ಟಿದೆ ಎಂದು ಅದರಲ್ಲೇ ಗೊತ್ತಾಗುತ್ತದೆ, ಹೆಚ್ಚಿದಾಗ ನಿಧಾನ ತೂಗುತ್ತಾರೆ. ಏಳಬೇಕು ಎಂದುಕೊಳ್ಳುತ್ತೇನೆ, ಅಷ್ಟರಲ್ಲಿ ನಿದ್ದೆ ಬಂದಿರುತ್ತದೆ.

ಕೂಸಿಗೆ ಹೆಸರಿಡಲು ಬಾಗೂರಿಗೆ ಬರಬೇಕೆಂದಿದ್ದೇವೆ. ಪಾಪಣ್ಣ ಗಾಡಿ ಕಟ್ಟಿಸುತ್ತೇನೆ, ಎರಡು ದಿನವಾದರೂ ನಿಧಾನಕ್ಕೆ ಹೋಗೋಣ ಎಂದಿದ್ದ. ಇವತ್ತು ಬೆಳಗ್ಗೆ ಅತ್ತೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕುಳಿತಿದ್ದರು. ನನ್ನ ಮುಖ ನೋಡಲಿಲ್ಲ. ನೀರನ್ನೇ ನೋಡುತ್ತ ಹೇಳಿದರು:

"ಗಾಡಿ ಬ್ಯಾಡ. ಸೋಮವಾರ ಮೂರು ಜನಾನೂ ಬಸ್ಸಲ್ಲೇ ಹೋಗಾಣ."

ಈರಕ್ಕ